ಎದೆಹಾಲು ಬಂದಿತ್ತಾ ಅಂತ ಏಳು ವರ್ಷ ಯಾರೂ ಕೇಳಲಿಲ್ಲ

ಕಡೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಹಾಲಿನ ಡೇರಿ ಸೆಕ್ರೆಟರಿ ನಾನು. ಬೆಳಗ್ಗೆ ಆರಕ್ಕೆ, ಸಂಜೆ ಐದೂವರೆಗೆ ಊರಿನವರ ಹಾಲು ಅಳೆಯುವುದು ನನ್ನ ಕೆಲಸ. ಯಾರ ಹಸು ಎಷ್ಟು ಕೊಟ್ಟಿತು, ಫ್ಯಾಟ್ ಎಷ್ಟು ಬಂತು, ಯಾರ ಕ್ಯಾನಿಗೆ ನೀರು ಬಿದ್ದಿದೆ, ಎಲ್ಲ ನನಗೆ ಗೊತ್ತಾಗುತ್ತದೆ. ಆದರೆ 2012ರಲ್ಲಿ ಮಗಳು ಹುಟ್ಟಿದಾಗ ನನ್ನ ಎದೆಯಲ್ಲಿ ಒಂದು ಹನಿ ಹಾಲು ಬರಲಿಲ್ಲ. ಊರಿನ ಹಾಲೆಲ್ಲ ನನ್ನ ಕಣ್ಣೆದುರಿಗೇ ಹೋಗುತ್ತಿತ್ತು, ನನ್ನ ಮಗಳು ಡಬ್ಬಿ ಹಾಲು ಕುಡಿದು ಬೆಳೆದಳು.

ಹೆರಿಗೆಯೇನೋ ನಾರ್ಮಲ್ಲೇ ಆಯಿತು. ತೊಂದರೆ ಶುರುವಾಗಿದ್ದು ಆಮೇಲೆ. ಮಗು ಹೊರಗೆ ಬಂದ ಮೇಲೆ ಗರ್ಭಕೋಶ ಮುಷ್ಟಿ ಕಟ್ಟಿದ ಹಾಗೆ ಬಿಗಿಯಾಗಬೇಕಂತೆ, ಆಗ ರಕ್ತ ನಿಲ್ಲುತ್ತದೆ. ನನ್ನದು ಬಿಗಿಯಾಗಲಿಲ್ಲ. ನನಗೆ ನೆನಪಿರುವುದು ಸೀಲಿಂಗ್ ಫ್ಯಾನು ಮೇಲೆ ಮೇಲೆ ಹೋಗುತ್ತಿದ್ದ ಹಾಗೆ ಕಂಡಿದ್ದು, ಒಬ್ಬ ನರ್ಸ್ ಕೆನ್ನೆ ತಟ್ಟುತ್ತಾ "ಕಣ್ ಮುಚ್ಬೇಡಮ್ಮ, ಮಾತಾಡ್ತಾ ಇರು" ಅನ್ನುತ್ತಿದ್ದದ್ದು. ನಾಲ್ಕು ಬಾಟಲಿ ರಕ್ತ ಹಾಕಿದರು. ಅವತ್ತು ಅವರು ಓಡಾಡದಿದ್ದರೆ ಇದನ್ನು ಬರೆಯುವುದಕ್ಕೆ ನಾನೇ ಇರುತ್ತಿರಲಿಲ್ಲ. ಏಳನೇ ದಿನ ಮಗು ಎತ್ತಿಕೊಂಡು ತವರಿಗೆ ಬಂದೆ.

ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಂತ್ಯ, ಕೊಬ್ಬರಿ ಬೆಲ್ಲ ಎಲ್ಲ ತಿನ್ನಿಸಿದಳು. ಪಕ್ಕದ ಮನೆ ಅಜ್ಜಿ ದೃಷ್ಟಿ ತೆಗೆದಳು. ಎದೆ ಒಂದು ಸಲ ಗಟ್ಟಿಯಾಗಲೂ ಇಲ್ಲ, ನೋವೂ ಬರಲಿಲ್ಲ. ಹೆತ್ತವರನ್ನು ಕೇಳಿ ನೋಡಿ, ಮೂರು ನಾಲ್ಕನೇ ದಿನಕ್ಕೆ ಎದೆ ಕಲ್ಲಾಗುತ್ತದೆ ಅನ್ನುತ್ತಾರೆ. ನನಗೆ ಅದೇನೂ ಆಗಲೇ ಇಲ್ಲ. "ರಕ್ತ ಹೋಗಿದೆಯಲ್ಲ, ಹಾಲೆಲ್ಲಿಂದ ಬರ್ಬೇಕು" ಅಂದರು ಎಲ್ಲರೂ. ನಾನೂ ಒಪ್ಪಿಕೊಂಡೆ. ವರ್ಷ ಕಳೆದರೂ ಮುಟ್ಟು ಬರಲಿಲ್ಲ. ಅದಕ್ಕೆ ನಮ್ಮತ್ತೆ, "ಬಿಡು, ಒಂದು ಕಾಟ ತಪ್ಪಿತು" ಅಂದರು. ಎರಡನೇ ಮಗು ಬೇಕು ಅಂತ ನಮಗೂ ಅಷ್ಟೇನೂ ಇರಲಿಲ್ಲ. ಹಾಗಾಗಿ ಆ ಮಾತು ಅಲ್ಲಿಗೇ ನಿಂತಿತು.

ಆಮೇಲಿನ ಏಳು ವರ್ಷವನ್ನು ಹೇಗೆ ಹೇಳಲಿ. ದೊಡ್ಡದು ಅಂತ ಏನೂ ಆಗಲಿಲ್ಲ, ಅದೇ ತೊಂದರೆ. ಸುಮ್ನೆ ಸುಸ್ತು. ಬೆಳಗ್ಗೆ ಎದ್ದು ಕೂತರೆ ತಲೆ ತಿರುಗುತ್ತಿತ್ತು. ಮಾರ್ಚ್ ತಿಂಗಳ ಬಿಸಿಲಲ್ಲಿ ಡೇರಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ, ಹಾಲು ತಂದವರು ನಗುತ್ತಿದ್ದರು. ಹುಬ್ಬು ತೆಳುವಾಯಿತು. ಕಂಕುಳ ಕೂದಲು ಪೂರ್ತಿ ಉದುರಿಹೋಯಿತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮುಖ ಮೈದಾ ಹಿಟ್ಟಿನ ಬಣ್ಣಕ್ಕೆ ತಿರುಗಿ, ಮೂವತ್ತರ ವಯಸ್ಸಿಗೇ ಕಣ್ಣಿನ ಸುತ್ತ ಸಣ್ಣ ಸಣ್ಣ ಸುಕ್ಕು ಬಿತ್ತು. ದನಿ ಒಡೆಯಿತು. ಉಪವಾಸ ಮಾಡಿದ ದಿನ ಕೈ ನಡುಗಿ ಬೆವರು ಬರುತ್ತಿತ್ತು. ಬಿಪಿ ಯಾವಾಗ ನೋಡಿದರೂ 90, 60.

ಡಾಕ್ಟರ ಹತ್ತಿರ ಹೋಗಲಿಲ್ಲ ಅಂತಲ್ಲ, ಹೋದೆ. ಒಬ್ಬರು ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ ಕೊಟ್ಟರು. ಒಬ್ಬರು ಟಾನಿಕ್ ಬರೆದರು. ಇನ್ನೊಬ್ಬರು ಯಜಮಾನರನ್ನು ಪಕ್ಕಕ್ಕೆ ಕರೆದು "ಮನಸ್ಸಿಗೆ ಹಚ್ಕೊಂಡಿದ್ದಾರೆ, ಸ್ವಲ್ಪ ಹೊರಗೆ ಕರ್ಕೊಂಡ್ ಹೋಗಿ ಬನ್ನಿ" ಅಂದರು. ಧರ್ಮಸ್ಥಳಕ್ಕೆ ಹೋಗಿ ಬಂದೆವು. ಬಸ್ಸಿನಲ್ಲಿ ಹೋಗುವಾಗಲೂ ಬರುವಾಗಲೂ ನಿದ್ದೆ ಮಾಡಿದೆ. ಒಬ್ಬರು ಮಾತ್ರ ಥೈರಾಯ್ಡ್ ಇರಬಹುದು ಅಂತ ಟಿಎಸ್‌ಎಚ್ ಅನ್ನುವ ರಕ್ತ ಪರೀಕ್ಷೆ ಮಾಡಿಸಿದರು. 2.8 ಬಂತು. ಶೀಟಿನಲ್ಲಿ 0.4ರಿಂದ 4ರ ತನಕ ನಾರ್ಮಲ್ ಅಂತ ಇತ್ತು. "ಥೈರಾಯ್ಡ್ ಇಲ್ಲಮ್ಮ, ಚೆನ್ನಾಗಿ ಊಟ ಮಾಡಿ." ಆ ಶೀಟನ್ನು ಮೂರು ವರ್ಷ ಮಡಚಿಟ್ಟುಕೊಂಡಿದ್ದೆ. ಯಾರಾದರೂ "ನಿಂಗೆ ಥೈರಾಯ್ಡ್ ಇರ್ಬೇಕು ಕಣೆ" ಅಂದರೆ ತೆಗೆದು ತೋರಿಸುತ್ತಿದ್ದೆ.

ಈಗ ಯೋಚಿಸಿದರೆ ನನ್ನ ಮೇಲೇ ಕೋಪ ಬರುತ್ತದೆ. ಡೇರಿಯಲ್ಲಿ ಫ್ಯಾಟ್ ಒಂದನ್ನೇ ನೋಡಿ ಹಾಲು ಚೆನ್ನಾಗಿದೆ ಅಂತ ನಾನು ಯಾವತ್ತಾದರೂ ಬರೆದುಕೊಂಡಿದ್ದೇನಾ? ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಲ್ಲಿ ಉಳಿಯುವ ಗಟ್ಟಿ ಅಂಶ ಕೂಡ ನೋಡಬೇಕು. ಎರಡು ಅಂಕಿ ಪಕ್ಕಪಕ್ಕ ಇಟ್ಟರೇನೇ ಕ್ಯಾನಿನೊಳಗೆ ಏನಿದೆ ಅಂತ ಗೊತ್ತಾಗುವುದು. ನನ್ನ ವಿಷಯದಲ್ಲಿ ಒಂದೇ ಅಂಕಿ ನೋಡಿ ಮೂರು ವರ್ಷ ಸುಮ್ಮನಿದ್ದೆ.

2019ರ ಏಪ್ರಿಲ್‌ನಲ್ಲಿ ಒಂದು ಕ್ಲಿನಿಕ್ಕಿನಲ್ಲಿ ಪೂರ್ತಿ ಥೈರಾಯ್ಡ್ ಟೆಸ್ಟ್ ಬರೆದರು. ಟಿಎಸ್‌ಎಚ್ ಈ ಸಲವೂ ನಾರ್ಮಲ್. ಆದರೆ ಫ್ರೀ ಟಿ4, ಅಂದರೆ ಥೈರಾಯ್ಡ್ ಮಾಡಿ ರಕ್ತಕ್ಕೆ ಬಿಡುವ ಥೈರಾಕ್ಸಿನ್ ಹಾರ್ಮೋನು, 0.4. ಕನಿಷ್ಠ 0.8 ಆದರೂ ಇರಬೇಕಿತ್ತು. "ಥೈರಾಯ್ಡ್ ಕಮ್ಮಿಯಿದೆ" ಅಂತ 100 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಶುರು ಮಾಡಿದರು. ಕೊನೆಗೂ ಕಾಯಿಲೆ ಸಿಕ್ಕಿತಲ್ಲ ಅಂತ ಖುಷಿಯಾಯಿತು. ವಾಪಸ್ ಬರುವಾಗ ಬೀರೂರಲ್ಲಿ ಇಳಿದು ಐಸ್‌ಕ್ರೀಂ ತಿಂದೆವು.

ಮೊದಲ ವಾರ ಸ್ವಲ್ಪ ಚುರುಕಾದ ಹಾಗೆ ಅನ್ನಿಸಿತು. ಎರಡನೇ ವಾರ ವಾಂತಿ ಶುರುವಾಯಿತು. ನೀರು ಕುಡಿದರೂ ನಿಲ್ಲುತ್ತಿರಲಿಲ್ಲ. ಹನ್ನೆರಡನೇ ದಿನ ಬೆಳಗ್ಗೆ ಡೇರಿಯಲ್ಲಿ ಸ್ಯಾಂಪಲ್ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ಬಿದ್ದೆ. ನಡುವೆ ಏನೇನೋ ಮಾತಾಡಿದೆನಂತೆ, ಮಗಳನ್ನು ನೋಡಿ ನನ್ನ ತಂಗಿಯ ಹೆಸರು ಹಿಡಿದು ಕರೆದೆನಂತೆ. ತರೀಕೆರೆ ದಾಟಿ ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಬಿಪಿ 70, 40. ರಕ್ತದಲ್ಲಿ ಸೋಡಿಯಂ 116. ಅದು 135ಕ್ಕಿಂತ ಮೇಲಿರಬೇಕು.

ರಾತ್ರಿ ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಕಣ್ಣರೆಪ್ಪೆ ಎಳೆದು ನೋಡಿದರು, ಕೈ ಎತ್ತಿಸಿ ಕಂಕುಳು ನೋಡಿದರು. ಯಾಕೆ ನೋಡುತ್ತಾರೆ ಅಂತ ನಾಚಿಕೆಯಾಯಿತು. ಆಮೇಲೆ ನಮ್ಮತ್ತೆಯ ಕಡೆ ತಿರುಗಿ ಮೂರು ಪ್ರಶ್ನೆ ಕೇಳಿದರು.

"ಹೆರಿಗೆ ಟೈಮಲ್ಲಿ ರಕ್ತ ಜಾಸ್ತಿ ಹೋಗಿತ್ತಾ?"

"ಹೋಗಿತ್ತು ಕಣಮ್ಮ. ನಾಲ್ಕು ಬಾಟ್ಲಿ ಹಾಕಿದ್ರು."

"ಎದೆಹಾಲು ಬಂದಿತ್ತಾ?"

"ಇಲ್ಲ."

"ಆಮೇಲೆ ಮುಟ್ಟಾಗಿದ್ದಾರಾ?"

ಅತ್ತೆ ಉತ್ತರ ಕೊಡುವ ಮೊದಲೇ ಆ ಹುಡುಗಿ ನರ್ಸಿಗೆ ಏನೋ ಹೇಳಿ ಎದ್ದಿದ್ದಳು. ಒಂದು ಟ್ಯೂಬ್ ರಕ್ತ ತೆಗೆಸಿ, ಅದರ ರಿಪೋರ್ಟಿಗೆ ಕಾಯದೆ, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಕೊಡಿಸಿದಳು. ಡ್ರಿಪ್ ಹಾಕಿದರು. ಇದೆಲ್ಲ ನನಗೆ ಅತ್ತೆ ಆಮೇಲೆ ಹೇಳಿದ್ದು. ನನಗೆ ಗೊತ್ತಿರುವುದು ಬೆಳಗಿನ ಜಾವ ಎಚ್ಚರವಾದಾಗ ಹಸಿವಾಗಿತ್ತು ಅನ್ನುವುದು. ಹಸಿವು ಅಂದರೆ ಹೇಗಿರುತ್ತದೆ ಅಂತಲೇ ಮರೆತಿದ್ದೆ ನಾನು. "ಅನ್ನ ಸಾರು ಬೇಕು" ಅಂದೆ. ಅತ್ತೆ ಗೊಳೋ ಅಂತ ಅತ್ತರು. ಅಷ್ಟು ವರ್ಷ ನನ್ನನ್ನು ಸೋಮಾರಿ ಅಂದುಕೊಂಡಿದ್ದರು, ಅದೂ ಸೇರಿಕೊಂಡು ಅತ್ತರು ಅಂತ ನನ್ನ ಲೆಕ್ಕ.

ಆ ಟ್ಯೂಬಿನ ಕಾರ್ಟಿಸಾಲ್ ರಿಪೋರ್ಟ್ ಬಂತು, 1.2. ಕಾರ್ಟಿಸಾಲ್ ಅಂದರೆ ಕಾಯಿಲೆ, ಪೆಟ್ಟು ತಡೆದುಕೊಳ್ಳಲು ಮೈ ತಾನೇ ಮಾಡಿಕೊಳ್ಳುವ ಹಾರ್ಮೋನು, ಹೈಡ್ರೋಕಾರ್ಟಿಸೋನ್ ಅಂದರೆ ಅದೇ ಔಷಧಿಯ ರೂಪದಲ್ಲಿ. ಅಂಥ ಕಾಯಿಲೆ ಹೊತ್ತಲ್ಲಿ ಸರಿಯಿದ್ದವರಿಗೆ ಅದು 18ರ ಮೇಲೆ ಹೋಗುತ್ತದಂತೆ.

ಸೋಡಿಯಂ ವಿಷಯ ನನಗೆ ತಲೆಗೆ ಹೋಗಲಿಲ್ಲ. ಉಪ್ಪು ಕಡಿಮೆ ತಿಂದಿದ್ದಕ್ಕಾ ಅಂತ ಕೇಳಿದೆ. ಆ ಡಾಕ್ಟರು, "ಉಪ್ಪು ಇದ್ದಷ್ಟೇ ಇದೆ ಅಕ್ಕ, ನೀರು ಜಾಸ್ತಿಯಾಗಿದೆ" ಅಂದರು. ಕಾರ್ಟಿಸಾಲ್ ಇಲ್ಲದಿದ್ದರೆ ಕಿಡ್ನಿ ಬೇಡದ ನೀರನ್ನು ಹೊರಗೆ ಬಿಡುವುದಿಲ್ಲವಂತೆ, ರಕ್ತದಲ್ಲೇ ಹಿಡಿದುಕೊಳ್ಳುತ್ತದಂತೆ. ಇದು ನನಗೆ ಚೆನ್ನಾಗಿ ಗೊತ್ತಿರುವ ವ್ಯವಹಾರ. ಹಾಲಿಗೆ ನೀರು ಬೆರೆಸಿದರೆ ಲ್ಯಾಕ್ಟೋಮೀಟರ್ ಡಿಗ್ರಿ ಇಳಿಯುತ್ತದೆ, ಹಾಲಿನ ಅಂಶ ಎಲ್ಲಿಗೂ ಹೋಗಿರುವುದಿಲ್ಲ. ನನ್ನ ರಕ್ತ ನೀರು ಬೆರೆಸಿದ ಹಾಲಾಗಿತ್ತು! ಇಂಜೆಕ್ಷನ್ ಬಿದ್ದ ಮೇಲೆ ಮೂತ್ರ ಎಷ್ಟು ಹೋಯಿತು ಅಂದರೆ ಚೀಲ ಬದಲಾಯಿಸಿ ಬದಲಾಯಿಸಿ ನರ್ಸಿಗೆ ಸಾಕಾಯಿತು. ಸೋಡಿಯಂ ಸರಸರ ಏರಿದರೂ ಮಿದುಳಿಗೆ ಅಪಾಯ, ಅದಕ್ಕೇ ಕೆಲವು ಗಂಟೆಗೊಮ್ಮೆ ರಕ್ತ ತೆಗೆದು ನೋಡಿದರು. ಎರಡೂ ಕೈ ನೀಲಿಯಾಗಿದ್ದವು.

ಥೈರಾಕ್ಸಿನ್ ಮಾತ್ರೆಯಿಂದ ಯಾಕೆ ಹೀಗಾಯಿತು ಅಂತಲೂ ಆಗಲೇ ಗೊತ್ತಾಗಿದ್ದು. ಥೈರಾಕ್ಸಿನ್ ಬಂದರೆ ದೇಹದ ಕೆಲಸವೆಲ್ಲ ಜೋರಾಗುತ್ತದೆ, ಇರುವ ಕಾರ್ಟಿಸಾಲ್ ಬೇಗ ಬೇಗ ಖರ್ಚಾಗುತ್ತದೆ. ನನ್ನ ಹತ್ತಿರ ಇದ್ದದ್ದೇ ತಳದಲ್ಲಿ ಒಂದಿಷ್ಟು. ಹನ್ನೆರಡು ದಿನದಲ್ಲಿ ಅದೂ ಮುಗಿಯಿತು. ಮೊದಲು ಕಾರ್ಟಿಸಾಲ್ ಕೊಟ್ಟು, ಆಮೇಲೆ ಥೈರಾಯ್ಡಿನದು ಕೊಡಬೇಕು. ಕೊಟ್ಟ ಮಾತ್ರೆ ಸರಿಯಾದದ್ದೇ, ಕೊಟ್ಟ ವರಸೆ ತಿರುಗಾಮುರುಗ ಆಗಿತ್ತು ಅಷ್ಟೇ. ಅಷ್ಟೇ ಅನ್ನುತ್ತೇನೆ, ಸಾಯುತ್ತಿದ್ದೆ.

ಅಲ್ಲಿಂದ ಬೆಂಗಳೂರಿಗೆ ಕಳಿಸಿದರು, ಹಾರ್ಮೋನಿನ ಡಾಕ್ಟರ ಹತ್ತಿರ. ಎಂಡೋಕ್ರೈನಾಲಜಿಸ್ಟ್ ಅನ್ನುವ ಪದ ಬಾಯಿಗೆ ಹೊಂದಲು ನನಗೆ ಎರಡು ತಿಂಗಳು ಬೇಕಾಯಿತು. ಎಂಆರ್‌ಐ ಮಾಡಿಸಿದರು. ಡಾಕ್ಟರು ಕಂಪ್ಯೂಟರ್ ನಮ್ಮ ಕಡೆ ತಿರುಗಿಸಿ, ಪೆನ್ನಿನಿಂದ ತೋರಿಸಿದರು. ಎರಡು ಕಣ್ಣಿನ ಹಿಂದೆ, ಮಿದುಳಿನ ಬುಡದಲ್ಲಿ, ಮೂಳೆಯಲ್ಲಿ ಒಂದು ಸಣ್ಣ ಗುಳಿ. ಕುದುರೆ ಜೀನಿನ ಆಕಾರ ಅಂತ ಅದಕ್ಕೆ ಟರ್ಕಿ ಜೀನು ಅನ್ನುವ ಅರ್ಥದ ಹೆಸರಿದೆ. ಆ ಗುಳಿಯಲ್ಲಿ ಬಟಾಣಿ ಕಾಳಿನಷ್ಟು, ಅರ್ಧ ಗ್ರಾಂ ತೂಗುವ ಪಿಟ್ಯುಟರಿ ಗ್ರಂಥಿ ಇರಬೇಕು. ನನ್ನ ಗುಳಿಯಲ್ಲಿ ಬರೀ ನೀರು. ತಳದಲ್ಲಿ ಪಾತ್ರೆಗೆ ಅಂಟಿದ ಕೆನೆಯಂಥ ಒಂದು ತೆಳು ಗೆರೆ.

"ನಿಮ್ಮ ಥೈರಾಯ್ಡ್ ಚೆನ್ನಾಗೇ ಇದೆ" ಅಂದರು. "ಕಿಡ್ನಿ ಮೇಲಿನ ಅಡ್ರಿನಲ್ ಚೆನ್ನಾಗೇ ಇದೆ. ಅಂಡಾಶಯನೂ ಚೆನ್ನಾಗೇ ಇದೆ. ಕೆಲಸ ಮಾಡಿ ಅಂತ ಹೇಳೋರು ಇಲ್ಲ."

ಈ ಗ್ರಂಥಿ ರಕ್ತಕ್ಕೆ ಬಿಡುವ ಒಂದೊಂದು ಹಾರ್ಮೋನೂ ಒಂದೊಂದು ಹುಕುಂ. ಟಿಎಸ್‌ಎಚ್ ಥೈರಾಯ್ಡಿಗೆ ಹೋಗಿ, ಥೈರಾಕ್ಸಿನ್ ಮಾಡು ಅನ್ನುತ್ತದೆ. ಎಸಿಟಿಎಚ್ ಅಡ್ರಿನಲ್‌ಗೆ ಹೋಗಿ ಕಾರ್ಟಿಸಾಲ್ ಬಿಡು ಅನ್ನುತ್ತದೆ. ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಅಂಡಾಶಯಕ್ಕೆ. ಪ್ರೋಲ್ಯಾಕ್ಟಿನ್ ಎದೆಗೆ, ಹಾಲು ಮಾಡು ಅಂತ. ಬೆಳವಣಿಗೆಯ ಹಾರ್ಮೋನ್ ಬೇರೆ ಇದೆ. ಕೆಳಗಿನವರು ಮಾಡಿ ಕಳಿಸಿದ್ದು ಸಾಕಾಯಿತಾ ಇಲ್ಲವಾ ಅಂತ ಮೇಲಿನವರು ರಕ್ತದಲ್ಲೇ ನೋಡಿಕೊಳ್ಳುತ್ತಾರೆ. ಜಾಸ್ತಿಯಾದರೆ ಹುಕುಂ ಕಡಿಮೆ, ಕಡಿಮೆಯಾದರೆ ಹುಕುಂ ಜಾಸ್ತಿ. ಅದಕ್ಕೇ ಸಾಮಾನ್ಯ ಥೈರಾಯ್ಡ್ ತೊಂದರೆಯಲ್ಲಿ ಟಿ4 ಇಳಿದರೆ ಟಿಎಸ್‌ಎಚ್ ಹತ್ತು, ಐವತ್ತು, ನೂರು ಅಂತ ಏರುತ್ತದೆ, ಕೂಗಿ ಕೂಗಿ ಕರೆದ ಹಾಗೆ. ನನ್ನ ಟಿ4 ಅರ್ಧಕ್ಕೆ ಇಳಿದರೂ ಟಿಎಸ್‌ಎಚ್ 2.8ರಲ್ಲೇ ನಿಂತಿತ್ತು. ಅದು ನಾರ್ಮಲ್ ಹೇಗಾಗುತ್ತದೆ? ಮನೆಗೆ ಬೆಂಕಿ ಬಿದ್ದಾಗ ಮೆಲ್ಲಗೆ ಮಾತಾಡುವವನ ದನಿ ನಾರ್ಮಲ್ ಅಂದ ಹಾಗಾಯಿತು. ಅಲ್ಲದೆ ಇಂಥ ಗ್ರಂಥಿ ಕಳಿಸುವ ಟಿಎಸ್‌ಎಚ್‌ನಲ್ಲಿ ಕಸುವೂ ಇರುವುದಿಲ್ಲವಂತೆ. ಯಂತ್ರ ಅದನ್ನು ಎಣಿಸುತ್ತದೆ, ಥೈರಾಯ್ಡ್ ಅದರ ಮಾತು ಕೇಳುವುದಿಲ್ಲ.

ಗ್ರಂಥಿ ಸತ್ತಿದ್ದು ಹೆರಿಗೆಯ ಆ ದಿನವೇ. ಬಸಿರಲ್ಲಿ ಪಿಟ್ಯುಟರಿ ಊದಿಕೊಳ್ಳುತ್ತದೆ, ಹಾಲಿನ ಹಾರ್ಮೋನ್ ಮಾಡುವ ಕಣಗಳು ಜಾಸ್ತಿಯಾಗುವುದರಿಂದ. ಆದರೆ ಅದಕ್ಕೆ ರಕ್ತ ಬರುವ ದಾರಿ ಸಣ್ಣದು, ಒತ್ತಡವೂ ಕಡಿಮೆ. ನಮ್ಮ ತೋಟದಲ್ಲಿ ಡ್ರಿಪ್ ಪೈಪಿನ ಕೊನೆಯಲ್ಲಿ ಒಂದು ತೆಂಗಿನ ಮರ ಇದೆ. ಕರೆಂಟು ಡಿಮ್ಮಾಗಿ ಮೋಟರ್ ಎಳೆಯದಿದ್ದರೆ ಮೊದಲು ನೀರು ನಿಲ್ಲುವುದು ಅದಕ್ಕೇ. ನನ್ನ ಬಿಪಿ ಬಿದ್ದಾಗ ಮೊದಲು ಒಣಗಿದ್ದು ಈ ಬಟಾಣಿ. ಇದನ್ನು 1937ರಲ್ಲಿ ಹೆರಾಲ್ಡ್ ಶೀಹಾನ್ ಅನ್ನುವ ಇಂಗ್ಲೆಂಡಿನ ಡಾಕ್ಟರು ವಿವರಿಸಿದರು, ಅವರ ಹೆಸರಲ್ಲೇ ಶೀಹಾನ್ ಸಿಂಡ್ರೋಮ್ ಅನ್ನುತ್ತಾರೆ. ಹೆರಿಗೆ ವ್ಯವಸ್ಥೆ ಚೆನ್ನಾಗಿರುವ ದೇಶಗಳಲ್ಲಿ ಈಗ ಇದು ಅಪರೂಪ. ನಮ್ಮಲ್ಲಿ ಇನ್ನೂ ಸಿಗುತ್ತದೆ. ಸಿಕ್ಕಿದ ಮೇಲೂ ಗೊತ್ತಾಗುವುದಕ್ಕೆ ವರ್ಷಗಟ್ಟಲೆ ಹಿಡಿಯುತ್ತದೆ.

ಹಳೇ ಹೆರಿಗೆಯ ಕಾಗದ ತನ್ನಿ ಅಂದಿದ್ದರು. ಬೀರು ಹುಡುಕಿದೆ. ಧಾರೆ ಸೀರೆಯ ಕೆಳಗೆ ತಾಯಿ ಕಾರ್ಡು, ಅದರೊಳಗೆ ಮಡಚಿದ ಡಿಸ್ಚಾರ್ಜ್ ಶೀಟು. ಹೆರಿಗೆ ನಂತರ ವಿಪರೀತ ರಕ್ತಸ್ರಾವ, ನಾಲ್ಕು ಯೂನಿಟ್ ರಕ್ತ ಕೊಡಲಾಗಿದೆ ಅಂತ ಅದರಲ್ಲಿ ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕೊನೇ ಸಾಲು, ಮಗುವಿಗೆ ಎದೆಹಾಲು ಕೊಡಿ. ಏಳು ವರ್ಷ ಡಾಕ್ಟರಿಂದ ಡಾಕ್ಟರಿಗೆ ಅಲೆಯುವಾಗ ಈ ಕಾಗದ ಬೀರುವಿನಲ್ಲೇ ಇತ್ತು. ಯಾರೂ ಕೇಳಲಿಲ್ಲ, ನಾನೂ ತೆಗೆದುಕೊಂಡು ಹೋಗಲಿಲ್ಲ.

ಈಗ ನನ್ನ ದಿನ ಹೀಗೆ. ಬೆಳಗ್ಗೆ ಐದಕ್ಕೆ ಅಲಾರಂ. ಕಣ್ಣು ಬಿಟ್ಟ ಕೂಡಲೇ ಹೈಡ್ರೋಕಾರ್ಟಿಸೋನ್ 10 ಮಿಲಿಗ್ರಾಂ. ಆಮೇಲೆ ಖಾಲಿ ಹೊಟ್ಟೆಗೆ ಥೈರಾಕ್ಸಿನ್. ಕಾಫಿಗೆ ಮುಕ್ಕಾಲು ಗಂಟೆ ಕಾಯಬೇಕು, ಇದೇ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಮಧ್ಯಾಹ್ನ ಮತ್ತೆ ಹೈಡ್ರೋಕಾರ್ಟಿಸೋನ್ 5 ಮಿಲಿಗ್ರಾಂ, ಸಂಜೆ ಡೇರಿಗೆ ಹೋಗುವ ಮುಂಚೆ ಇನ್ನೊಂದು 5 ಮಿಲಿಗ್ರಾಂ. ಯಾಕೆ ಹೀಗೆ ಅಂದರೆ, ಎಲ್ಲರ ಮೈಯಲ್ಲೂ ಕಾರ್ಟಿಸಾಲ್ ಬೆಳಗಿನ ಜಾವದಿಂದ ಏರಿ, ಏಳುವ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಇಳಿಯುತ್ತಾ ನಡುರಾತ್ರಿಗೆ ತಳಕ್ಕೆ ಹೋಗುತ್ತದೆ. ಆ ಏರಿಳಿತವನ್ನು ನಾನು ಮಾತ್ರೆಯಲ್ಲಿ ನಕಲು ಮಾಡುತ್ತೇನೆ. ಅಷ್ಟು ನಾಜೂಕಾಗಿ ಬರುವುದಿಲ್ಲ. ಮೂರು ಗಂಟೆ ಹೊತ್ತಿಗೆ ಮೈ ಸೋಲುತ್ತದೆ, ಗಡಿಯಾರ ನೋಡದೆ ಸಮಯ ಹೇಳಬಲ್ಲೆ.

ಮೂಳೆ ಸವೆಯಬಾರದು ಅಂತ ಈಸ್ಟ್ರೋಜನ್, ಪ್ರೊಜೆಸ್ಟರೋನ್ ಮಾತ್ರೆಯೂ ಇದೆ. ಅದು ಶುರುವಾದ ತಿಂಗಳು ಮುಟ್ಟು ಬಂತು, ಏಳು ವರ್ಷದ ಮೇಲೆ. ನಾನೇ ಬೆಚ್ಚಿಬಿದ್ದೆ. ಅತ್ತೆಗೆ ಹೇಳಿದರೆ, "ಮತ್ತೆ ಶುರುವಾಯ್ತಾ ಕಾಟ" ಅಂದರು, ಮುಖದಲ್ಲಿ ನಗು ಇತ್ತು. ಬೆಳವಣಿಗೆಯ ಹಾರ್ಮೋನಿನ ಇಂಜೆಕ್ಷನ್ ದುಬಾರಿ, ಅದನ್ನು ಬಿಟ್ಟೆವು.

ಈ ಮಾತ್ರೆಗಳ ಬಗ್ಗೆ ಓದುವಾಗ ಒಂದು ವಿಷಯ ಸಿಕ್ಕಿತು, ಹೇಳದೆ ಇರಲಾಗುವುದಿಲ್ಲ. ಥೈರಾಕ್ಸಿನ್ನನ್ನು ಮೊದಲು ಬೇರ್ಪಡಿಸಿ ತೆಗೆದವರು ಅಮೆರಿಕದ ಮೇಯೋ ಕ್ಲಿನಿಕ್‌ನ ಎಡ್ವರ್ಡ್ ಕೆಂಡಾಲ್, 1914ರಲ್ಲಿ. ಅದೇ ಕೆಂಡಾಲ್ ಆಮೇಲೆ ಅಡ್ರಿನಲ್ ಹಾರ್ಮೋನುಗಳ ಬೆನ್ನು ಹತ್ತಿದರು. 1948ರಲ್ಲಿ ಅಲ್ಲೇ ಕಾರ್ಟಿಸೋನನ್ನು ಮೊದಲ ಸಲ ಕೀಲುವಾತದ ರೋಗಿಗೆ ಕೊಟ್ಟರು, 1950ರಲ್ಲಿ ಆ ಕೆಲಸಕ್ಕೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ನನ್ನ ಬೆಳಗಿನ ಎರಡೂ ಮಾತ್ರೆಯ ಹಿಂದೆ ಒಬ್ಬನೇ ಮನುಷ್ಯ! ಶೀಹಾನ್ ಕಾಯಿಲೆ ವಿವರಿಸಿದ ಕಾಲದಲ್ಲಿ ಕಾರ್ಟಿಸೋನ್ ಮಾತ್ರೆ ಇರಲೇ ಇಲ್ಲ. ನಮ್ಮಜ್ಜಿ ಕಾಲದಲ್ಲಿ "ಬಾಣಂತಿ ಸನ್ನಿ", "ಬಾಣಂತನ ಸರಿಯಾಗಲಿಲ್ಲ" ಅಂತ ಬಿಳಿಚಿಕೊಂಡು ಹೋದ ಹೆಂಗಸರಲ್ಲಿ ಎಷ್ಟು ಜನ ನನ್ನ ಥರದವರಿದ್ದರೋ.

ಸ್ಟೀರಾಯ್ಡ್ ಅನ್ನುವ ಹೆಸರೇ ಒಂದು ದೊಡ್ಡ ತಲೆನೋವು. ಮೆಡಿಕಲ್ ಶಾಪಿನ ಹುಡುಗ ಚೀಟಿ ನೋಡಿ, "ಅಕ್ಕ, ಇದು ಸ್ಟೀರಾಯ್ಡ್. ಎಷ್ಟ್ ದಿನ ತಗೋತೀರ? ನಿಲ್ಸಿಬಿಡಿ" ಅನ್ನುತ್ತಾನೆ. ಸಂಬಂಧಿಕರು ಮುಖ ಊದುತ್ತೆ ಅನ್ನುತ್ತಾರೆ. ಮೈಯಲ್ಲಿ ಸರಿಯಾಗಿ ಇರುವವರು ಅದರ ಮೇಲೆ ಜಾಸ್ತಿ ತಿಂದರೆ ಊದುತ್ತದೆ, ನಿಜ. ನಾನು ತೆಗೆದುಕೊಳ್ಳುವುದು ಅವರೆಲ್ಲರ ಮೈಯಲ್ಲಿ ಪುಕ್ಕಟೆ ತಯಾರಾಗುವಷ್ಟೇ. ಎರಡು ದಿನ ಬಿಟ್ಟರೆ ನಾನು ಮತ್ತೆ ಶಿವಮೊಗ್ಗದ ಐಸಿಯುನಲ್ಲಿ. ಈ ಮಾತು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಈಗ ಹೇಳುವುದನ್ನೇ ಬಿಟ್ಟಿದ್ದೇನೆ, "ಹೂಂ, ಡಾಕ್ಟ್ರನ್ನ ಕೇಳ್ತೀನಿ" ಅಂದು ದುಡ್ಡು ಕೊಟ್ಟು ಬರುತ್ತೇನೆ.

ಇನ್ನೊಂದು ತಮಾಷೆ. ಹೋದ ವರ್ಷ ಜ್ವರ ಅಂತ ಹೊಸ ಡಾಕ್ಟರೊಬ್ಬರ ಹತ್ತಿರ ಹೋಗಿದ್ದೆ. ನನ್ನ ಫೈಲು ನೋಡಿ, "ಟಿಎಸ್‌ಎಚ್ 0.05 ಇದೆಯಲ್ಲ, ಥೈರಾಕ್ಸಿನ್ ಜಾಸ್ತಿಯಾಗಿದೆ, ಅರ್ಧ ಮಾಡಿ" ಅಂದರು. "ಸಾರ್, ನನ್ನದು ಟಿಎಸ್‌ಎಚ್ ನೋಡಿ ಹೇಳೋ ಕೇಸ್ ಅಲ್ಲ. ಟಿ4 ನೋಡಿ" ಅಂದೆ. ಅವರು ಕನ್ನಡಕ ಇಳಿಸಿ ನನ್ನನ್ನೇ ನೋಡಿದರು. ಹಾಲಿನ ಡೇರಿಯ ಹೆಂಗಸು ಡಾಕ್ಟರಿಗೆ ಪಾಠ ಹೇಳುವುದಾ ಅಂತ ಅನ್ನಿಸಿರಬೇಕು. ಬೆಂಗಳೂರಿನವರು ಕೊಟ್ಟ ಕಾರ್ಡು ಮುಂದಿಟ್ಟೆ. ಓದಿದರು. ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡು, "ಎದೆಹಾಲು ಬಂದಿರ್ಲಿಲ್ವಾ ಹಾಗಾದ್ರೆ?" ಅಂತ ಕೇಳಿದರು. ನನಗೆ ಅವರ ಮೇಲೆ ಗೌರವ ಬಂತು.

ಆ ಕಾರ್ಡು ಸದಾ ಪರ್ಸಿನಲ್ಲಿರುತ್ತದೆ. ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಮಾತ್ರೆ ಎರಡರಷ್ಟು ಮಾಡಬೇಕು. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಇಂಜೆಕ್ಷನ್, ತಡಮಾಡದೆ. ಸರಿಯಿದ್ದವರಿಗೆ ಜ್ವರವೋ ಪೆಟ್ಟೋ ಆಪರೇಷನ್ನೋ ಆದಾಗ ಪಿಟ್ಯುಟರಿ ಅದನ್ನು ತಾನೇ ತಿಳಿದುಕೊಂಡು ಕಾರ್ಟಿಸಾಲ್ ಏರಿಸುತ್ತದೆ. ನನ್ನಲ್ಲಿ ಆ ಲೆಕ್ಕ ನಾನೇ ಹಾಕಬೇಕು.

ಇಂಜೆಕ್ಷನ್ ಕೊಡುವುದನ್ನು ಯಜಮಾನರು ಕಲಿತಿದ್ದಾರೆ. ಬೆಂಗಳೂರಿನ ನರ್ಸ್ ಒಂದು ಸಲ ತೋರಿಸಿಕೊಟ್ಟರು. ಊರಿಗೆ ಬಂದ ಮೇಲೆ ಮೂಸಂಬಿ ಹಣ್ಣಿಗೆ ಚುಚ್ಚಿ ಚುಚ್ಚಿ ಅಭ್ಯಾಸ ಮಾಡಿದರು. ಡೇರಿಗೆ ಬರುವ ದನದ ಡಾಕ್ಟರು ನೋಡಿ, "ಹಸು ಆದ್ರೆ ಒದೆಯುತ್ತೆ, ನಿಮಗೆ ಆ ಭಯ ಇಲ್ಲ ಬಿಡಿ" ಅಂದರು. ನಾನು ಒದೆಯುವುದಿಲ್ಲ ಅಂತ ಅವರಿಗೆ ಯಾರು ಹೇಳಿದರೋ.

2022ರಲ್ಲಿ ಗೌರಿ ಹಬ್ಬದ ಮಾರನೇ ರಾತ್ರಿ ಅದು ಕೆಲಸಕ್ಕೆ ಬಂತು. ಏನು ತಿಂದದ್ದು ಹೆಚ್ಚಾಯಿತೋ, ಹನ್ನೊಂದು ಗಂಟೆಯಿಂದ ವಾಂತಿ ಭೇದಿ. ಮಾತ್ರೆ ನುಂಗಿದೆ, ಬಂತು. ಇನ್ನೊಂದು ನುಂಗಿದೆ, ಅದೂ ಬಂತು. ಒಂದೂವರೆ ಹೊತ್ತಿಗೆ ಗೋಡೆ ಹಿಡಿಯದೆ ನಿಲ್ಲಲು ಆಗಲಿಲ್ಲ, ಮಾತು ತೊದಲತೊಡಗಿತು. ಕರೆಂಟು ಬೇರೆ ಇರಲಿಲ್ಲ. ಮಗಳು ಮೊಬೈಲ್ ಟಾರ್ಚ್ ಹಿಡಿದಳು. ಸಣ್ಣ ಗಾಜಿನ ಬಾಟಲಿಯಲ್ಲಿ ಬಿಳಿ ಪುಡಿ. ಯಜಮಾನರು ಅದಕ್ಕೆ ನೀರು ಸೇರಿಸಿ ಅಲುಗಾಡಿಸಿದರು, ಸಿರಿಂಜಿಗೆ ಎಳೆದರು. ಅವರ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು. "ಎಲ್ಲಿಗೆ?" ಅಂದರು. ತೊಡೆ ತೋರಿಸಿದೆ. "ಮೂಸಂಬಿ ಅಂದ್ಕೊಳ್ಳಿ" ಅಂದೆ. ಚುಚ್ಚಿದರು. ಆಮೇಲೆ ಕಾರಿನಲ್ಲಿ ಕಡೂರಿಗೆ ಹೋಗಿ ಡ್ರಿಪ್ ಹಾಕಿಸಿಕೊಂಡೆವು. ಬೆಳಗ್ಗೆ ಎಂಟಕ್ಕೆ ಆಸ್ಪತ್ರೆಯ ಮುಂದಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದೆ. ಅವರು ತಿನ್ನಲಿಲ್ಲ, ಕೈಯಲ್ಲಿ ಕಾಫಿ ಲೋಟ ಹಿಡಿದು ಸುಮ್ಮನೆ ಕೂತಿದ್ದರು.

ಮಗಳು ಹೈಸ್ಕೂಲಿಗೆ ಬಂದಿದ್ದಾಳೆ. ವಿಜ್ಞಾನಕ್ಕೆ ಚಾರ್ಟ್ ಮಾಡಬೇಕು ಅಂತ ಮೊನ್ನೆ ಭಾನುವಾರ ನಡುಮನೆಯಲ್ಲಿ ಡ್ರಾಯಿಂಗ್ ಶೀಟ್ ಹಾಸಿಕೊಂಡು ಕೂತಿದ್ದಳು. ನಿರ್ನಾಳ ಗ್ರಂಥಿಗಳು. ಒಂದು ಹೆಂಗಸಿನ ಆಕಾರ ಬರೆದು, ಕತ್ತಿನಲ್ಲಿ ಚಿಟ್ಟೆಯ ಹಾಗೆ ಥೈರಾಯ್ಡ್, ಕಿಡ್ನಿ ಮೇಲೆ ಟೋಪಿಯ ಹಾಗೆ ಅಡ್ರಿನಲ್ ಇಟ್ಟಿದ್ದಳು. ತಲೆಯ ಹತ್ತಿರ ಬಂದು ಪೆನ್ಸಿಲ್ ನಿಲ್ಲಿಸಿ ನನ್ನನ್ನು ನೋಡಿದಳು.

"ಅಮ್ಮ, ಇದು ನೀನು ಅಂತ ಅಂದ್ಕೊಂಡು ಬರೀತಿದೀನಿ. ಪಿಟ್ಯುಟರಿ ಜಾಗ ಖಾಲಿ ಬಿಡ್ಲಾ?"

ನಾನು ಅಕ್ಕಿ ಆರಿಸುತ್ತಿದ್ದೆ. ಬೆಂಗಳೂರಿನ ಡಾಕ್ಟರು ಹೇಳಿದ್ದು ನೆನಪಾಯಿತು. ಸತ್ತಿರುವುದು ಮುಂದಿನ ಹೋಳು. ಹಿಂದಿನ ಹೋಳಿಗೆ ರಕ್ತ ಬರುವ ದಾರಿ ಬೇರೆ, ಅದು ಉಳಿದುಕೊಂಡಿದೆ. ಮೈಯಲ್ಲಿ ನೀರು ಎಷ್ಟಿರಬೇಕು ಅಂತ ನೋಡಿಕೊಳ್ಳುವ ಹಾರ್ಮೋನು ಅಲ್ಲಿಂದಲೇ ಬರುತ್ತಿದೆ.

"ಪೂರ್ತಿ ಬಿಡ್ಬೇಡ. ಹಿಂದುಗಡೆ ಒಂದು ಚುಕ್ಕೆ ಇಡು" ಅಂದೆ.

ಇಟ್ಟಳು. ದೊಡ್ಡದಾಯಿತು ಅಂತ ರಬ್ಬರಿನಿಂದ ಸ್ವಲ್ಪ ಅಳಿಸಿದಳು.